ಹೊಸ ರಾಜಕೀಯ ಪಕ್ಷ ಕಟ್ಟುವವರಿಗೆ: ನೂರು ಅಫಿಡವಿಟ್‌ನಿಂದ ಬೂತ್ ಏಜೆಂಟ್‌ವರೆಗೆ

ಭಾರತದಲ್ಲಿ ರಾಜಕೀಯ ಪಕ್ಷ ನೋಂದಾಯಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ನೂರು ಮಂದಿ ಮತದಾರರು, ಹತ್ತು ಸಾವಿರ ರೂಪಾಯಿಯ ಡಿಡಿ, ಒಂದಿಷ್ಟು ಕಾಗದಪತ್ರ, ನಾಲ್ಕು ಪತ್ರಿಕೆಗಳಲ್ಲಿ ಜಾಹೀರಾತು. ಇಷ್ಟಾದರೆ ಸಾಕು. ಅದಕ್ಕೇ 2025ರ ಆಗಸ್ಟ್‌ಗೆ ಮುಂಚೆ ದೇಶದಲ್ಲಿ ನೋಂದಣಿಯಾಗಿದ್ದರೂ ಮಾನ್ಯತೆ ಇಲ್ಲದ ಪಕ್ಷಗಳು 2,800ಕ್ಕೂ ಜಾಸ್ತಿ ಇದ್ದವು. ಇವುಗಳಲ್ಲಿ ನಿಮಗೆ ಎಷ್ಟರ ಹೆಸರು ಗೊತ್ತು? ಹತ್ತು ಹೇಳುವುದೂ ಕಷ್ಟ, ಅಲ್ವಾ?

ಓದಿದ, ಕೆಲಸದಲ್ಲಿರುವ ಯುವಕ ಯುವತಿಯರು ಪಕ್ಷ ಕಟ್ಟಲು ಹೊರಟಾಗ ಮೊದಲು ಲೋಗೊ ಮಾಡಿಸುತ್ತಾರೆ. ಆಮೇಲೆ ವೆಬ್‌ಸೈಟ್, ಪ್ರಣಾಳಿಕೆ, ಆ್ಯಪ್. ಬೂತ್ ಅನ್ನುವ ಮಾತು ಬರುವುದು ಕೊನೆಗೆ, ಅದೂ ಚುನಾವಣೆ ಘೋಷಣೆಯಾದ ಮೇಲೆ. ನನ್ನ ಪ್ರಕಾರ ಇದು ತಲೆಕೆಳಗಾದ ಕ್ರಮ. ಈ ಮಾರ್ಗದರ್ಶಿಯಲ್ಲಿ ನೋಂದಣಿಯ ವಿವರ ಪೂರ್ತಿ ಇದೆ. ಆದರೆ ಪ್ರತಿ ಹಂತದಲ್ಲೂ ಬೂತ್ ಕಡೆಗೆ ಒಂದು ಕಣ್ಣಿಟ್ಟೇ ಬರೆದಿದ್ದೇನೆ.

ಮೊದಲು: ಪಕ್ಷ ಬೇಕೇ ಬೇಕಾ?

ನಿಮಗಿಂತ ಮುಂಚೆ ಈ ದಾರಿಯಲ್ಲಿ ಹೋದವರನ್ನು ಸ್ವಲ್ಪ ನೋಡಿ. ಐಎಎಸ್ ಬಿಟ್ಟು ಬಂದ ಜಯಪ್ರಕಾಶ್ ನಾರಾಯಣ್ ಅವರು ಆಂಧ್ರದಲ್ಲಿ ಲೋಕಸತ್ತಾವನ್ನು ಹತ್ತು ವರ್ಷ ಆಂದೋಲನವಾಗಿ ನಡೆಸಿ, 2006ರಲ್ಲಿ ಪಕ್ಷ ಮಾಡಿದರು. 2009ರಲ್ಲಿ ಗೆದ್ದಿದ್ದು ಒಂದೇ ಒಂದು ಕ್ಷೇತ್ರ, ಕುಕಟ್‌ಪಲ್ಲಿ. ಅಲ್ಲಿ ನಿಂತಿದ್ದು ಅವರೇ. ಪ್ರಶಾಂತ್ ಕಿಶೋರ್ 2022ರ ಅಕ್ಟೋಬರ್ 2ರಂದು ಬಿಹಾರದಲ್ಲಿ ಪಾದಯಾತ್ರೆ ಶುರು ಮಾಡಿದರು. ಸರಿಯಾಗಿ ಎರಡು ವರ್ಷಕ್ಕೆ ಜನ ಸುರಾಜ್ ಪಕ್ಷ ಹುಟ್ಟಿತು. 2025ರ ವಿಧಾನಸಭೆ ಚುನಾವಣೆಯಲ್ಲಿ ಸಿಕ್ಕ ಸ್ಥಾನ ಸೊನ್ನೆ. ಬೇರೆ ಪಕ್ಷಗಳನ್ನು ಗೆಲ್ಲಿಸುವುದನ್ನೇ ವೃತ್ತಿ ಮಾಡಿಕೊಂಡಿದ್ದವರ ಕಥೆ ಇದು.

ಇನ್ನೊಂದು ಕಡೆ ಆಮ್ ಆದ್ಮಿ ಪಕ್ಷ ಇದೆ. 2012ರ ನವೆಂಬರ್‌ನಲ್ಲಿ ಹುಟ್ಟಿ, 2013ರ ಡಿಸೆಂಬರ್‌ನಲ್ಲಿ ದೆಹಲಿಯ 70ರಲ್ಲಿ 28 ಸ್ಥಾನ ಗೆದ್ದಿತು. ಎಲ್ಲರೂ ಇದನ್ನೇ ಉದಾಹರಣೆ ಕೊಡುತ್ತಾರೆ. ಆದರೆ ಅದಕ್ಕೆ ಮುಂಚೆ ದೇಶವೇ ಟಿವಿ ಮುಂದೆ ಕೂತು ನೋಡಿದ ಭ್ರಷ್ಟಾಚಾರ ವಿರೋಧಿ ಚಳವಳಿ ಇತ್ತು, ಒಂದೇ ನಗರದಷ್ಟು ಪುಟ್ಟ ರಾಜ್ಯ ಇತ್ತು. ಅಂಥ ಗಾಳಿ ನಿಮಗೆ ಬೀಸುತ್ತದೆ ಅಂತ ಲೆಕ್ಕ ಹಾಕಬೇಡಿ.

ನಮ್ಮಲ್ಲೇ ಇರುವ ಉದಾಹರಣೆ ನನಗೆ ಇವೆಲ್ಲಕ್ಕಿಂತ ಪಾಠದ್ದು ಅನ್ನಿಸುತ್ತದೆ. ದರ್ಶನ್ ಪುಟ್ಟಣ್ಣಯ್ಯ ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮಿಯಾಗಿದ್ದವರು. ರೈತ ನಾಯಕರಾಗಿದ್ದ ತಂದೆ ಕೆ.ಎಸ್. ಪುಟ್ಟಣ್ಣಯ್ಯ 2018ರ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ ಮೇಲುಕೋಟೆಯಲ್ಲಿ ನಿಂತರು, ಸೋತರು. ಮತ್ತೆ ಅದೇ ಕ್ಷೇತ್ರದಲ್ಲಿ ನಿಂತರು. 2023ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದರು. ರೈತ ಸಂಘದ ಹಸಿರು ಶಾಲು ಊರೂರಲ್ಲೂ ಇತ್ತು, ಕಾಂಗ್ರೆಸ್ ಅಲ್ಲಿ ಅಭ್ಯರ್ಥಿ ಹಾಕದೆ ಬೆಂಬಲಿಸಿತ್ತು. ಇದೆಲ್ಲಾ ಸೇರಿ ಆದ ಗೆಲುವು. ಅವರು ಹೊಸ ಪಕ್ಷ ಕಟ್ಟಲಿಲ್ಲ ಅನ್ನುವುದನ್ನೂ ಗಮನಿಸಿ.

ಹಾಗಾಗಿ ಕೇಳಿಕೊಳ್ಳಿ. ಒಂದು ವಾರ್ಡ್ ಅಥವಾ ಒಂದು ಕ್ಷೇತ್ರದ ಆಸೆ ಇದ್ದರೆ ಪಕ್ಷೇತರರಾಗಿ ನಿಲ್ಲಬಹುದು. ನಿಮ್ಮ ವಿಚಾರಕ್ಕೆ ಹತ್ತಿರ ಇರುವ ಸಣ್ಣ ಪಕ್ಷ ಈಗಾಗಲೇ ಇದ್ದರೆ ಅದನ್ನು ಸೇರಬಹುದು. ಹತ್ತಾರು ಕ್ಷೇತ್ರಗಳಲ್ಲಿ ಒಂದೇ ಹೆಸರು, ಒಂದೇ ಗುರುತು ಬೇಕು, ಹತ್ತು ವರ್ಷ ಕಾಯುವ ತಾಳ್ಮೆ ಇದೆ ಅನ್ನುವುದಾದರೆ ಮಾತ್ರ ಮುಂದೆ ಓದಿ.

ಒಂದು ಎಚ್ಚರಿಕೆ. "ನಮ್ಮ ಹತ್ತಿರ ರೆಡಿ ನೋಂದಣಿ ಆಗಿರೋ ಪಕ್ಷ ಇದೆ, ನೀವೇ ನಡೆಸಿ" ಅಂತ ಯಾರಾದರೂ ಬರುತ್ತಾರೆ. ನಟ ಉಪೇಂದ್ರ 2017ರಲ್ಲಿ ಹೀಗೆ ಬೇರೊಬ್ಬರು ಮೊದಲೇ ನೋಂದಾಯಿಸಿದ್ದ ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷದಿಂದ (ಕೆಪಿಜೆಪಿ) ಶುರು ಮಾಡಿದರು. ಆಟೋರಿಕ್ಷಾ ಗುರುತು, ಖಾಕಿ ಅಂಗಿ, ಒಳ್ಳೇ ಪ್ರಚಾರ. 2018ರ ಚುನಾವಣೆಗೆ ಎರಡು ತಿಂಗಳಿರುವಾಗ ಒಳಜಗಳವಾಗಿ ಹೊರಬಂದರು. ಹೆಸರೂ ಗುರುತೂ ಅಲ್ಲೇ ಉಳಿದವು. ಅದೇ ಆಟೋ ಗುರುತಿನಲ್ಲಿ ರಾಣೆಬೆನ್ನೂರಿನಿಂದ ಬೇರೆಯವರು ಗೆದ್ದು ಶಾಸಕರಾದರು. ಉಪೇಂದ್ರ ಆಮೇಲೆ ಉತ್ತಮ ಪ್ರಜಾಕೀಯ ಪಕ್ಷವನ್ನು ಸೊನ್ನೆಯಿಂದ ಕಟ್ಟಬೇಕಾಯಿತು. ಪಕ್ಷದ ದಾಖಲೆಯಲ್ಲಿ ಅಧ್ಯಕ್ಷ, ಪ್ರಧಾನ ಕಾರ್ಯದರ್ಶಿ ಅಂತ ಯಾರ ಹೆಸರಿದೆಯೋ ಪಕ್ಷ ಅವರದ್ದು. ಜನಪ್ರಿಯತೆ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಯಾರು ಸೇರಬಹುದು, ಯಾರು ಸೇರಬಾರದು

ಸರ್ಕಾರಿ ನೌಕರರು ಪಕ್ಷದ ಸದಸ್ಯರಾಗುವಂತಿಲ್ಲ, ನಡತೆ ನಿಯಮಗಳು ಬಿಡುವುದಿಲ್ಲ. ಖಾಸಗಿ ಕಂಪನಿಯವರಿಗೆ ಕಾನೂನಿನ ಅಡ್ಡಿಯಿಲ್ಲ. ಆದರೆ ನಿಮ್ಮ ನೇಮಕಾತಿ ಪತ್ರದಲ್ಲಿ ಹೊರಗಿನ ಚಟುವಟಿಕೆಗೆ ಅನುಮತಿ ಬೇಕು ಅಂತ ಒಂದು ಸಾಲು ಇರಬಹುದು, ಅದನ್ನು ಈಗಲೇ ಓದಿ. ವಿದೇಶದಲ್ಲಿರುವ ಗೆಳೆಯರ ವಿಷಯದಲ್ಲಿ ಪಾಸ್‌ಪೋರ್ಟ್ ನೋಡಿ. ಭಾರತದ ಪಾಸ್‌ಪೋರ್ಟ್ ಇದ್ದರೆ ಮತದಾರರೂ ಆಗಬಹುದು, ದೇಣಿಗೆಯನ್ನೂ ಕೊಡಬಹುದು. ಬೇರೆ ದೇಶದ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡವರಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ. ರಾಜಕೀಯ ಪಕ್ಷಗಳಿಗೆ ವಿದೇಶಿ ದೇಣಿಗೆ ಪೂರ್ತಿ ನಿಷಿದ್ಧ.

ಪಕ್ಷದ ನಿಬಂಧನೆ ಬರೆಯುವುದು

ನಿಬಂಧನೆ ಅಂದರೆ ಪಕ್ಷ ಹೇಗೆ ನಡೆಯಬೇಕು ಅಂತ ಬರೆದಿಡುವ ನಿಯಮಾವಳಿ. ಪ್ರಜಾಪ್ರತಿನಿಧಿ ಕಾಯ್ದೆ, 1951ರ 29ಎ ಕಲಂ ನಿಮ್ಮ ಆಧಾರ. ಭಾರತದ ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ ಮತ್ತು ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠೆ ಇಟ್ಟು, ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಯನ್ನು ಎತ್ತಿಹಿಡಿಯುತ್ತೇವೆ ಅನ್ನುವ ಸಾಲು ನಿಬಂಧನೆಯಲ್ಲಿ ಇರಲೇಬೇಕು. ಕಾಯ್ದೆಯಲ್ಲಿ ಇರುವ ಹಾಗೇ ಬರೆಯಿರಿ, ನಿಮ್ಮ ಮಾತಿನಲ್ಲಿ ಬದಲಿಸಬೇಡಿ. ಸ್ಟಾರ್ಟಪ್ ನಡೆಸುವ ಗೆಳೆಯರೊಬ್ಬರು "ಸಮಾಜವಾದ ಯಾಕೆ ಬೇಕು" ಅಂತ ಖಂಡಿತ ಕೇಳುತ್ತಾರೆ. ಉತ್ತರ ಇಷ್ಟೇ: ಅದಿಲ್ಲದಿದ್ದರೆ ನೋಂದಣಿ ಇಲ್ಲ.

ಪಕ್ಷದ ಒಳಗೆ ಪ್ರಜಾಪ್ರಭುತ್ವ ಇರಬೇಕು ಅನ್ನುವುದೂ ಚುನಾವಣಾ ಆಯೋಗದ ಷರತ್ತು. ಪದಾಧಿಕಾರಿಗಳ ಚುನಾವಣೆ ಐದು ವರ್ಷದೊಳಗೆ ಒಮ್ಮೆ ನಡೆಯಬೇಕು. ನೋಂದಣಿಯಾದ ಐದು ವರ್ಷದೊಳಗೆ ಚುನಾವಣಾ ಆಯೋಗ ನಡೆಸುವ ಚುನಾವಣೆಯಲ್ಲಿ ಸ್ಪರ್ಧಿಸುತ್ತೇವೆ ಅಂತಲೂ ಬರೆದುಕೊಡಬೇಕು. ಇಲ್ಲೊಂದು ಸಿಕ್ಕು ಇದೆ. ಪಾಲಿಕೆ, ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದು ಬೇರೆ ಸಂಸ್ಥೆ. ಅಲ್ಲಿ ನಿಂತಿದ್ದು ಈ ಷರತ್ತಿಗೆ ಲೆಕ್ಕಕ್ಕೆ ಬರುವುದಿಲ್ಲ. "ನಾವು ಊರಿನ ಪಾಲಿಕೆಗೆ ಮಾತ್ರ" ಅಂತ ಹೊರಡುವವರು ಇದನ್ನು ಮರೆಯಬಾರದು. ಬೆಂಗಳೂರಿಗಾಗಿಯೇ ಅಂತ 2019ರಲ್ಲಿ ಬೆಂಗಳೂರು ನವನಿರ್ಮಾಣ ಪಕ್ಷ ಹುಟ್ಟಿತು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಪಾಲಿಕೆ ಚುನಾವಣೆಯೇ ಬರಲಿಲ್ಲ. ತಯಾರಿ ಮಾಡಿಕೊಂಡ ಪರೀಕ್ಷೆಯೇ ಮುಂದಕ್ಕೆ ಹೋದರೆ ಏನು ಮಾಡುತ್ತೀರಿ, ಮೊದಲೇ ಯೋಚಿಸಿ.

ನಿಬಂಧನೆಯಲ್ಲಿ ಎಲ್ಲರೂ ಗಡಿಬಿಡಿಯಲ್ಲಿ ಮುಗಿಸುವ ಭಾಗ ಶಿಸ್ತು ಕ್ರಮದ್ದು. ಯಾರನ್ನು, ಯಾವ ಸಮಿತಿ, ಎಷ್ಟು ಬಹುಮತದಿಂದ ತೆಗೆಯಬಹುದು? ಮೇಲ್ಮನವಿ ಎಲ್ಲಿಗೆ? ಈಗ ಎಲ್ಲರೂ ಸ್ನೇಹಿತರು, ಹಾಗಾಗಿ ಈ ಪ್ರಶ್ನೆ ಕೇಳುವುದಕ್ಕೇ ಮುಜುಗರ. ಆಮ್ ಆದ್ಮಿ ಪಕ್ಷ 2015ರ ಫೆಬ್ರವರಿಯಲ್ಲಿ 70ಕ್ಕೆ 67 ಗೆದ್ದಿತು. ಏಪ್ರಿಲ್ ಹೊತ್ತಿಗೆ ಸ್ಥಾಪಕರಲ್ಲಿ ಪ್ರಮುಖರಾದ ಯೋಗೇಂದ್ರ ಯಾದವ್, ಪ್ರಶಾಂತ್ ಭೂಷಣ್ ಹೊರಗಿದ್ದರು. ಬುದ್ಧಿವಂತರು ಜಾಸ್ತಿ ಇರುವ ಕಡೆ ಒಡಕೂ ಬೇಗ ಬರುತ್ತದೆ. ಸ್ನೇಹ ಚೆನ್ನಾಗಿರುವಾಗಲೇ ಈ ಪುಟ ಬರೆದಿಡಿ.

ಹೆಸರು? ಜಾತಿ, ಧರ್ಮದ ಸುಳಿವು ಇರುವ ಹೆಸರು ಬೇಡ. ಈಗಿರುವ ಪಕ್ಷದ ಹೆಸರಿಗೆ ಹತ್ತಿರ ಇದ್ದರೂ ಬೇಡ. ಮೂರ್ನಾಲ್ಕು ಹೆಸರು ಕೈಯಲ್ಲಿಟ್ಟುಕೊಳ್ಳಿ. ಹಳ್ಳಿಯಲ್ಲಿ ಮೈಕ್ ಹಿಡಿದು ಕೂಗಿದರೆ ಬಾಯಿಗೆ ಸುಲಭವಾಗಿ ಬರುತ್ತದಾ ಅಂತ ನೋಡಿ.

ಮೂವತ್ತು ದಿನದ ಗಡುವು

ಪಕ್ಷ ಸ್ಥಾಪನೆಯಾದ ದಿನದಿಂದ 30 ದಿನದೊಳಗೆ ಅರ್ಜಿ ದೆಹಲಿಯ ಆಯೋಗಕ್ಕೆ ತಲುಪಬೇಕು. ಕಾಗದ ಜೋಡಿಸುವುದಕ್ಕೆ ಮುಂಚೆ ಅದ್ದೂರಿ ಸಮಾರಂಭ ಮಾಡಿ "ಇವತ್ತು ಪಕ್ಷ ಹುಟ್ಟಿತು" ಅಂತ ಪತ್ರಿಕಾಗೋಷ್ಠಿ ಕರೆದರೆ ಗಡಿಯಾರ ಅಲ್ಲಿಂದಲೇ ಶುರು. ಹಾಗಾಗಿ ಕಾಗದ ಮೊದಲು ತಯಾರಾಗಲಿ. ಸ್ಥಾಪನಾ ಸಭೆ, ನಿಬಂಧನೆಗೆ ಒಪ್ಪಿಗೆ, ಪದಾಧಿಕಾರಿಗಳ ಆಯ್ಕೆ ಆಮೇಲೆ ಒಂದೇ ದಿನ ಆಗಲಿ.

ಅರ್ಜಿ ಪಕ್ಷದ ಲೆಟರ್‌ಹೆಡ್ ಮೇಲೆ ಇರಬೇಕು. ಜೊತೆಗೆ ಹೋಗಬೇಕಾದ ಮುಖ್ಯ ವಸ್ತುಗಳು:

- 10,000 ರೂಪಾಯಿಯ ಡಿಡಿ. ನೋಂದಣಿ ಆಗದಿದ್ದರೂ ವಾಪಸ್ ಬರುವುದಿಲ್ಲ.
- ಪುಟಪುಟಕ್ಕೂ ಸಹಿ ಹಾಕಿದ ನಿಬಂಧನೆಯ ಪ್ರತಿ.
- ಕನಿಷ್ಠ 100 ಸದಸ್ಯರು ಮತದಾರರು ಅನ್ನುವುದಕ್ಕೆ ಮತದಾರರ ಪಟ್ಟಿಯ ಪ್ರತಿ.
- ಆ ನೂರು ಮಂದಿಯಿಂದ ತಲಾ ಒಂದು ಅಫಿಡವಿಟ್, ತಾವು ನೋಂದಾಯಿತ ಬೇರೆ ಯಾವ ಪಕ್ಷದಲ್ಲೂ ಇಲ್ಲ ಅಂತ.
- ಅಧ್ಯಕ್ಷರು ಅಥವಾ ಪ್ರಧಾನ ಕಾರ್ಯದರ್ಶಿಯ ಅಫಿಡವಿಟ್.
- ಕಚೇರಿ ವಿಳಾಸದ ದಾಖಲೆ, ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ.

ಕೊನೆಯದು ಸಣ್ಣದಾಗಿ ಕಾಣುತ್ತದೆ. ಬಾಡಿಗೆ ಮನೆಯಲ್ಲಿದ್ದರೆ ಓನರ್ ಹತ್ತಿರ ಹೋಗಿ "ನಿಮ್ಮ ಮನೆಯಲ್ಲಿ ರಾಜಕೀಯ ಪಕ್ಷದ ಕಚೇರಿ" ಅಂತ ಹೇಳಿ ನೋಡಿ, ಗೊತ್ತಾಗುತ್ತದೆ.

ನೂರು ಅಫಿಡವಿಟ್‌ನ ಕೆಲಸಕ್ಕೆ ಒಂದು ಇಡೀ ಭಾನುವಾರ ಮೀಸಲಿಡಿ. ಒಂದು ಹಾಲ್, ಎರಡು ಉದ್ದ ಮೇಜು. ಮೊದಲ ಮೇಜಿನಲ್ಲಿ ಲ್ಯಾಪ್‌ಟಾಪ್ ಮತ್ತು ಪ್ರಿಂಟರ್: ಸದಸ್ಯರ ವೋಟರ್ ಐಡಿ ನಂಬರ್ ಹಾಕಿ ಪಟ್ಟಿಯಲ್ಲಿ ಹೆಸರು, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಹುಡುಕಿ ಪ್ರಿಂಟ್ ತೆಗೆಯಬೇಕು. ಎರಡನೆಯದರಲ್ಲಿ ನೋಟರಿ, ಅವರ ಸೀಲು, ರಿಜಿಸ್ಟರ್. ಸ್ಟ್ಯಾಂಪ್ ಪೇಪರ್ ಮೊದಲೇ ತಂದಿಡಿ. ಅರ್ಧದಷ್ಟು ಜನಕ್ಕೆ ಏನಾದರೊಂದು ಎಡವಟ್ಟು ಇರುತ್ತದೆ ಅಂತಲೇ ಅಂದುಕೊಳ್ಳಿ. ಆಧಾರ್‌ನಲ್ಲಿ "ಮಂಜುನಾಥ ಹೆಚ್", ಮತದಾರರ ಪಟ್ಟಿಯಲ್ಲಿ "ಮಂಜುನಾಥ್ ಹೆಚ್.ಆರ್." ಮದುವೆಯಾದ ಮೇಲೆ ಹೆಸರು ಬದಲಾದವರು. ವೋಟರ್ ಐಡಿ ಕೈಯಲ್ಲಿದೆ, ಪಟ್ಟಿಯಲ್ಲಿ ಹೆಸರು ಡಿಲೀಟ್ ಆಗಿದೆ ಅನ್ನುವವರು. ಅಫಿಡವಿಟ್‌ನಲ್ಲಿ ಪಟ್ಟಿಯಲ್ಲಿರುವ ಹೆಸರನ್ನೇ ಅಕ್ಷರ ಬಿಡದೆ ಬರೆಸಿ. ನೂರಕ್ಕೆ ನಿಲ್ಲಿಸಬೇಡಿ, ನೂರಿಪ್ಪತ್ತು ಮಾಡಿಸಿ. ಒಂದೆರಡು ತಿರಸ್ಕಾರವಾದರೂ ನೀವು ಬಚಾವ್.

ಬೆಂಗಳೂರಿನಲ್ಲಿ ಕೆಲಸ, ವೋಟು ಹಾಸನದಲ್ಲೋ ಕಲಬುರಗಿಯಲ್ಲೋ ಇದ್ದರೆ ನೋಂದಣಿಗೆ ತೊಂದರೆಯಿಲ್ಲ. ಆದರೆ ಆಮೇಲೆ ಇದೇ ಜನ ನಿಮ್ಮ ಬೂತ್‌ನಲ್ಲಿ ಕೂರಬೇಕು, ನಾಮಪತ್ರಕ್ಕೆ ಸೂಚಕರಾಗಬೇಕು. ಇರುವ ಊರಿಗೆ ವೋಟು ವರ್ಗಾಯಿಸಲು ನಮೂನೆ 8 ಅನ್ನು ಆ ಭಾನುವಾರವೇ ತುಂಬಿಸಿಬಿಡಿ.

ಅರ್ಜಿ ಹೋದ ಮೇಲೆ ಅದು ಎಲ್ಲಿಗೆ ಬಂತು ಅಂತ ಆಯೋಗದ ಆನ್‌ಲೈನ್ ವ್ಯವಸ್ಥೆಯಲ್ಲಿ ನೋಡಬಹುದು. ಆಯೋಗ ಕೊರತೆ ತೋರಿಸಿ ಪತ್ರ ಬರೆದರೆ ಕೊಟ್ಟ ದಿನದೊಳಗೆ ಉತ್ತರಿಸಿ. ಎಲ್ಲಾ ಸರಿಯಿದ್ದರೆ ಎರಡು ರಾಷ್ಟ್ರೀಯ, ಎರಡು ಸ್ಥಳೀಯ ದಿನಪತ್ರಿಕೆಗಳಲ್ಲಿ ಎರಡು ದಿನ ಪ್ರಕಟಣೆ ಕೊಡಲು ಹೇಳುತ್ತದೆ. ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನ. ಒಟ್ಟು ಎಂಟು ಜಾಹೀರಾತು. ಇಡೀ ನೋಂದಣಿಯಲ್ಲಿ ದೊಡ್ಡ ಖರ್ಚು ಇದೇ ಆಗಬಹುದು, ಮೊದಲೇ ದುಡ್ಡು ತೆಗೆದಿಡಿ.

ದುಡ್ಡು

ಪಕ್ಷದ ಹೆಸರಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಒಬ್ಬ ಲೆಕ್ಕ ಪರಿಶೋಧಕರು. ಈ ಮೂರು ಮೊದಲ ದಿನದಿಂದಲೇ ಬೇಕು. ಖಜಾಂಚಿ ಹುದ್ದೆಯನ್ನು "ಯಾರಾದರೂ ಆಗಲಿ" ಅಂತ ಕೊಡಬೇಡಿ. ನಿಮ್ಮಲ್ಲಿ ಎಲ್ಲರಿಗಿಂತ ಜಿಪುಣ, ರಸೀದಿ ಇಲ್ಲದೆ ಕಾಫಿಗೂ ದುಡ್ಡು ಕೊಡದ ಮನುಷ್ಯ ಯಾರೋ ಅವರಿಗೇ ಕೊಡಿ.

2,000 ರೂಪಾಯಿಗಿಂತ ಜಾಸ್ತಿ ನಗದು ದೇಣಿಗೆ ತೆಗೆದುಕೊಂಡರೆ ಪಕ್ಷಕ್ಕಿರುವ ಆದಾಯ ತೆರಿಗೆ ವಿನಾಯಿತಿಗೇ ಕುತ್ತು. ಒಬ್ಬರಿಂದ ವರ್ಷಕ್ಕೆ 20,000 ರೂಪಾಯಿ ಮೀರಿದ ದೇಣಿಗೆಯ ವಿವರವನ್ನು ನಮೂನೆ 24ಎಯಲ್ಲಿ ಕೊಡಬೇಕು. ಮೂರು ವರ್ಷ ತುಂಬದ ಕಂಪನಿಯಿಂದ ದೇಣಿಗೆ ಪಡೆಯುವಂತಿಲ್ಲ. ಅಂದರೆ ನಿಮ್ಮ ಗೆಳೆಯರ ಹೊಸ ಸ್ಟಾರ್ಟಪ್ ಲೆಕ್ಕದಿಂದ ಬೇಡ, ಅವರ ಸ್ವಂತ ಖಾತೆಯಿಂದ ಕೊಡಲಿ. ಚುನಾವಣಾ ಬಾಂಡ್ ಅನ್ನು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದೆ, ಅದರ ಯೋಚನೆ ಬಿಡಿ.

ನೋಂದಣಿಯಾದ ಸುದ್ದಿ ತಿಳಿದ ಕೂಡಲೇ ಕೆಲವರು ಫೋನ್ ಮಾಡಬಹುದು. "ಚೆಕ್‌ನಲ್ಲಿ ಹತ್ತು ಲಕ್ಷ ದೇಣಿಗೆ ಕೊಡ್ತೀವಿ ಸರ್, ಕಮಿಷನ್ ಇಟ್ಕೊಂಡು ಉಳಿದಿದ್ದು ನಗದು ವಾಪಸ್ ಕೊಡಿ." ತೆರಿಗೆ ತಪ್ಪಿಸುವ ಈ ದಂಧೆಗೆ ಸಣ್ಣ ಪಕ್ಷಗಳೇ ಸಾಧನ. 2022ರ ಸೆಪ್ಟೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆ ಇಂಥ ಪಕ್ಷಗಳ ಮೇಲೆ ಹಲವು ರಾಜ್ಯಗಳಲ್ಲಿ ದಾಳಿ ಮಾಡಿತ್ತು. ಫೋನ್ ಇಟ್ಟುಬಿಡಿ.

ಪ್ರತಿ ವರ್ಷ ಲೆಕ್ಕಪರಿಶೋಧನಾ ವರದಿ, ದೇಣಿಗೆ ವರದಿ ಸಲ್ಲಿಸಿ. ಏನೂ ಬರದಿದ್ದರೆ ಸೊನ್ನೆ ಅಂತ ಸಲ್ಲಿಸಿ. ಪದಾಧಿಕಾರಿ, ವಿಳಾಸ ಬದಲಾದರೆ ತಕ್ಷಣ ತಿಳಿಸಿ. 2019ರಿಂದ ಆರು ವರ್ಷ ಒಂದೂ ಚುನಾವಣೆಯಲ್ಲಿ ಸ್ಪರ್ಧಿಸದ 334 ಪಕ್ಷಗಳನ್ನು ಆಯೋಗ 2025ರ ಆಗಸ್ಟ್‌ನಲ್ಲಿ ಪಟ್ಟಿಯಿಂದ ತೆಗೆಯಿತು. ಸೆಪ್ಟೆಂಬರ್‌ನಲ್ಲಿ ಇನ್ನೂ 474 ಹೋದವು.

ಗುರುತು

ನೋಂದಣಿಯಾದರೆ ಗುರುತು ಸಿಕ್ಕಿತು ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ. ಶಾಶ್ವತ ಗುರುತು ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ. ರಾಜ್ಯ ಪಕ್ಷವಾಗಲು ಒಂದು ದಾರಿ, ವಿಧಾನಸಭೆ ಚುನಾವಣೆಯಲ್ಲಿ ಶೇ 6 ಮತ ಮತ್ತು ಇಬ್ಬರು ಶಾಸಕರು.

ಅಲ್ಲಿಯವರೆಗೆ, ಯಾವ ಪಕ್ಷಕ್ಕೂ ಮೀಸಲಾಗದ ಮುಕ್ತ ಗುರುತುಗಳ ಪಟ್ಟಿಯಿಂದ ಎಲ್ಲಾ ಅಭ್ಯರ್ಥಿಗಳಿಗೂ ಒಂದೇ ಗುರುತು ಕೊಡಿ ಅಂತ ಕೇಳಬಹುದು. ವಿಧಾನಸಭೆಗಾದರೆ ಕನಿಷ್ಠ ಶೇ 5 ಕ್ಷೇತ್ರಗಳಲ್ಲಿ ನಿಲ್ಲಬೇಕು. ಕರ್ನಾಟಕದ 224ಕ್ಕೆ ಲೆಕ್ಕ ಹಾಕಿದರೆ 12 ಕ್ಷೇತ್ರ. ಸದನದ ಅವಧಿ ಮುಗಿಯುವ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಈಗಿನ ವಿಧಾನಸಭೆಯ ಅವಧಿ 2028ರ ಮೇ ತಿಂಗಳಿಗೆ ಮುಗಿಯುತ್ತದೆ, ಹಾಗಾಗಿ 2027ರ ನವೆಂಬರ್ ಅಂತ ಕ್ಯಾಲೆಂಡರ್‌ನಲ್ಲಿ ಬರೆದುಕೊಳ್ಳಿ. ಮೊದಲು ಬಂದವರಿಗೆ ಮೊದಲು ಅನ್ನುವ ಲೆಕ್ಕ ಇದು, ತಡ ಮಾಡಿದರೆ ಒಳ್ಳೆ ಗುರುತು ಕೈತಪ್ಪುತ್ತದೆ. ಗೋಡೆ ಮೇಲೆ ಸುಣ್ಣದಲ್ಲಿ ಒಂದು ನಿಮಿಷದಲ್ಲಿ ಬರೆಯಲು ಬರುವ ಗುರುತು ಆರಿಸಿ. ಆಮ್ ಆದ್ಮಿಯ ಪೊರಕೆ ಗೆದ್ದಿದ್ದರಲ್ಲಿ ಅದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಒಂದು ಕ್ಷೇತ್ರ, ಒಂದೊಂದೇ ಬೂತ್

ಇಲ್ಲಿ ನಿಧಾನವಾಗಿ ಓದಿ. ಕರ್ನಾಟಕದಲ್ಲಿ 2023ರ ಚುನಾವಣೆಗೆ ಸುಮಾರು 58 ಸಾವಿರ ಮತಗಟ್ಟೆಗಳಿದ್ದವು. ಒಂದು ಕ್ಷೇತ್ರಕ್ಕೆ ಸರಾಸರಿ 260. ಪ್ರತಿಯೊಂದರಲ್ಲೂ ಬೆಳಿಗ್ಗೆ ಅಣಕು ಮತದಾನದಿಂದ ಸಂಜೆ ಯಂತ್ರ ಸೀಲ್ ಆಗುವ ತನಕ ನಿಮ್ಮ ಏಜೆಂಟ್ ಕೂರಬೇಕು. ಊಟಕ್ಕೆ ಎದ್ದರೆ ಕೂರಲು ಇನ್ನೊಬ್ಬರು ಬೇಕು. ಎಷ್ಟು ಮತ ಬಿತ್ತು ಅನ್ನುವ 17ಸಿ ನಮೂನೆಯ ಪ್ರತಿ ತೆಗೆದುಕೊಂಡೇ ಬರಬೇಕು. ಅಂದರೆ ಒಂದೇ ಕ್ಷೇತ್ರಕ್ಕೆ ಐನೂರು ಮಂದಿ, ಎಲ್ಲರೂ ಅದೇ ಕ್ಷೇತ್ರದವರು. ನಿಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಾವಿರ ಜನ ಇರಬಹುದು. ಅವರಲ್ಲಿ ಒಂದೇ ಕ್ಷೇತ್ರದ ಐವತ್ತು ಮಂದಿ ಇದ್ದಾರಾ ಅಂತ ಎಣಿಸಿ ನೋಡಿ.

ಮಾನ್ಯತೆ ಪಡೆದ ಪಕ್ಷಗಳಿಗೆ ಮತದಾರರ ಪಟ್ಟಿ ಉಚಿತವಾಗಿ ಬರುತ್ತದೆ. ನೀವು ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟ್‌ನಿಂದ ಇಳಿಸಿಕೊಳ್ಳಬೇಕು. ಒಂದು ಬೂತ್‌ನ ಪಟ್ಟಿ ಪ್ರಿಂಟ್ ಮಾಡಿ, ಆ ಬೀದಿಯಲ್ಲೇ ಇರುವ ಒಬ್ಬರ ಕೈಗೆ ಕೊಡಿ. ಮನೆ ಮನೆಗೆ ಹೋಗಿ ಯಾರು ತೀರಿಕೊಂಡಿದ್ದಾರೆ, ಯಾರು ಊರು ಬಿಟ್ಟಿದ್ದಾರೆ, ಯಾರಿಗೆ 18 ತುಂಬಿಯೂ ಹೆಸರಿಲ್ಲ ಅಂತ ಗುರುತು ಹಾಕಲಿ. ಬಿಟ್ಟುಹೋದವರಿಗೆ ನಮೂನೆ 6 ತುಂಬಿಕೊಡಲಿ. ಭಾಷಣಕ್ಕಿಂತ ಈ ಕೆಲಸ ಜಾಸ್ತಿ ಪರಿಚಯ ಮಾಡಿಸುತ್ತದೆ. ಪೆನ್ಶನ್ ನಿಂತಿರುವುದು, ಖಾತೆ ಆಗದಿರುವುದು, ಚರಂಡಿ ಕಟ್ಟಿಕೊಂಡಿರುವುದು ಎಲ್ಲಾ ಆ ಬಾಗಿಲಲ್ಲೇ ಗೊತ್ತಾಗುತ್ತದೆ. ನಿಮ್ಮ ಪ್ರಣಾಳಿಕೆಯನ್ನು ಅದಾದ ಮೇಲೆ ಬರೆಯಿರಿ.

ಹಳ್ಳಿಯಲ್ಲಿ ಕೆಲಸ ಮಾಡುವುದಾದರೆ ಗ್ರಾಮ ಪಂಚಾಯಿತಿ ಒಳ್ಳೆಯ ಶಾಲೆ. ಅಲ್ಲಿ ಪಕ್ಷದ ಗುರುತಿಲ್ಲ, 21 ವರ್ಷಕ್ಕೇ ನಿಲ್ಲಬಹುದು. ವಿಧಾನಸಭೆಗೆ 25 ಆಗಬೇಕು.

ಡಿಗ್ರಿ, ಹೆಸರು, ಸಂಬಳ ಇವೆಲ್ಲಾ ಬೂತ್‌ಗೆ ಬದಲಿ ಅಲ್ಲ. 2014ರಲ್ಲಿ ಇನ್ಫೊಸಿಸ್‌ನ ಇಬ್ಬರು ದೊಡ್ಡ ಹೆಸರಿನವರು ಬೆಂಗಳೂರಿನಲ್ಲೇ ಲೋಕಸಭೆಗೆ ನಿಂತರು: ದಕ್ಷಿಣದಲ್ಲಿ ಕಾಂಗ್ರೆಸ್‌ನಿಂದ ನಂದನ್ ನಿಲೇಕಣಿ, ಸೆಂಟ್ರಲ್‌ನಲ್ಲಿ ಆಮ್ ಆದ್ಮಿಯಿಂದ ವಿ. ಬಾಲಕೃಷ್ಣನ್. ಇಬ್ಬರೂ ಸೋತರು.

ನಾಮಪತ್ರ

ಮಾನ್ಯತೆ ಇರುವ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ನಿಮಗೆ ಹತ್ತು ಮಂದಿ ಬೇಕು, ಹತ್ತೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ಒಬ್ಬರ ಕ್ರಮ ಸಂಖ್ಯೆ ಅದಲು ಬದಲಾದರೂ ಪರಿಶೀಲನೆ ದಿನ ತಲೆನೋವು, ಆದ್ದರಿಂದ ಒಂದಕ್ಕಿಂತ ಹೆಚ್ಚು ಪ್ರತಿ ಸಲ್ಲಿಸಿ. ನಾಲ್ಕರವರೆಗೂ ಸಲ್ಲಿಸಬಹುದು. ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ಬಿದ್ದ ಸಿಂಧು ಮತದ ಆರನೇ ಒಂದು ಭಾಗ ಬರದಿದ್ದರೆ ಠೇವಣಿ ಹೋಯಿತು.

ಬಿ ಫಾರಂನಲ್ಲಿ ಪೆನ್ನಿನ ಶಾಯಿಯ ಅಸಲು ಸಹಿ ಇರಬೇಕು, ಜೆರಾಕ್ಸ್ ನಡೆಯುವುದಿಲ್ಲ. ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಮೇಜಿನ ಮೇಲಿರಬೇಕು. ಸಹಿ ಮಾಡುವವರು ಬೆಂಗಳೂರಿನಲ್ಲಿ, ಅಭ್ಯರ್ಥಿ ಬೀದರಿನಲ್ಲಿ ಇದ್ದರೆ ಲೆಕ್ಕ ಹಾಕಿಕೊಳ್ಳಿ. ಚುನಾವಣೆ ಖರ್ಚಿಗೆ ಬೇರೆಯೇ ಬ್ಯಾಂಕ್ ಖಾತೆ ತೆರೆಯಿರಿ. ಕರ್ನಾಟಕದಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 2022ರಲ್ಲಿ 40 ಲಕ್ಷಕ್ಕೆ ಏರಿತು. ನಿಮಗೆ ಅದರ ಹತ್ತಿರಕ್ಕೂ ಹೋಗುವ ಶಕ್ತಿ ಇರುವುದಿಲ್ಲ ಬಿಡಿ, ಆದರೂ ಪ್ರತಿ ರೂಪಾಯಿ ಬರೆದಿಡಿ.

ಮತಯಂತ್ರದಲ್ಲಿ ಮೊದಲು ಮಾನ್ಯತೆ ಇರುವ ಪಕ್ಷಗಳು, ಆಮೇಲೆ ನಿಮ್ಮಂಥವರು, ಕೊನೆಗೆ ಪಕ್ಷೇತರರು. ಹಾಗಾಗಿ ನಿಮ್ಮ ಕ್ರಮ ಸಂಖ್ಯೆ ಐದೋ ಆರೋ, ಇನ್ನೂ ಕೆಳಗೋ ಇರಬಹುದು, ಚೀಟಿ ಹಂಚುವಾಗ ಗುರುತಿನ ಜೊತೆ ಆ ಸಂಖ್ಯೆಯನ್ನೂ ದಪ್ಪಕ್ಷರದಲ್ಲಿ ಹಾಕಿ.

ಫಲಿತಾಂಶದ ಮಾರನೆಯ ದಿನ

ಬಹುಶಃ ಸೋತಿರುತ್ತೀರಿ. ಅಭ್ಯರ್ಥಿಯ ಖರ್ಚಿನ ಲೆಕ್ಕ 30 ದಿನದೊಳಗೆ ಕೊಡಬೇಕು, ಕೊಡದಿದ್ದರೆ ಮೂರು ವರ್ಷ ಅನರ್ಹತೆ ಬರಬಹುದು. ಪಕ್ಷದ ಖರ್ಚಿನ ಲೆಕ್ಕಕ್ಕೆ ವಿಧಾನಸಭೆಯಾದರೆ 75 ದಿನ. ಸೋತ ಬೇಜಾರಿನಲ್ಲಿ ಇದನ್ನು ಮರೆಯುವವರು ಬಹಳ, ಹಾಗಾಗಿ ಖಜಾಂಚಿಗೆ ಮಾತ್ರ ರಜೆ ಇಲ್ಲ.

ಆಮೇಲೆ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟ್‌ನಲ್ಲಿ ನಮೂನೆ 20 ಹಾಕುತ್ತಾರೆ. ಯಾವ ಬೂತ್‌ನಲ್ಲಿ ಯಾರಿಗೆ ಎಷ್ಟು ಮತ ಅಂತ ಸಾಲು ಸಾಲಾಗಿ ಇರುತ್ತದೆ. ಅದನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಿ, ಈ ಕೆಲಸ ನಿಮಗಿಂತ ಚೆನ್ನಾಗಿ ಯಾರಿಗೂ ಬರುವುದಿಲ್ಲ. ಮನೆ ಮನೆಗೆ ಹೋದ ಬೂತ್‌ಗಳನ್ನು ಒಂದು ಕಡೆ, ಬರೀ ಕರಪತ್ರ ಹಂಚಿದ ಬೂತ್‌ಗಳನ್ನು ಇನ್ನೊಂದು ಕಡೆ ಹಾಕಿ ನೋಡಿ. ನಿಮಗೆ ನೂರು ಮತ ದಾಟಿದ ಬೂತ್‌ಗಳ ಏಜೆಂಟರಿಗೆಲ್ಲಾ ಅದೇ ವಾರ ಫೋನ್ ಮಾಡಿ, ಮುಂದಿನ ಪಂಚಾಯಿತಿಗೋ ಪಾಲಿಕೆಗೋ ನಿಲ್ಲುತ್ತೀರಾ ಅಂತ ಕೇಳಿ.